ಬೆಟ್ಟದಪುರದ ರೈಲು

ಹೋದ ಸೋಮವಾರ ನಮ್ಮ ಕಂಟ್ರೋಲರ್ ಸಾಹೇಬರ ತಿಥಿ ಊಟ ಉಂಡು ಬಂದೆ. ಊಟ ಚೆನ್ನಾಗಿತ್ತು. ಮುದ್ದೆ ಮಾತ್ರ ಒಂಚೂರು ಗಟ್ಟಿ. ಅವರು ಇದ್ದಿದ್ದರೆ ಪಂಕ್ತಿಯಲ್ಲಿ ಕೂತೇ ಅದನ್ನು ಹೇಳಿ, ಅಡುಗೆಯವನ ಮುಖ ಸಣ್ಣದು ಮಾಡಿ, ಆಮೇಲೆ ಎರಡು ಮುದ್ದೆ ಉಣ್ಣುತ್ತಿದ್ದರು. ಕೈ ತೊಳೆದು ಬರುವಷ್ಟರಲ್ಲಿ ಅವರ ಮಗಳು ಹೊಗೆಸೊಪ್ಪಿನ ಬ್ಯಾರನ್ನಿನ ಬೀಗದ ಕೈ ಹಿಡಿದು ನಿಂತಿದ್ದಳು.

“ಊಟ ಆಯ್ತಾ ಮಾವ? ಅಂಗಾರೆ ಅಪ್ಪನ ಪಿನ್ನು ನೀವೇ ಕಿತ್ಬುಡಿ. ನನ್ ಕೈಲಾಗಕಿಲ್ಲ” ಅಂದಳು.

ಪಿನ್ನು ಕೀಳುವುದು ಎಂದರೇನು ಅಂತ ಹುಣಸೂರು ಸೀಮೆಯವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಸ್ವಲ್ಪ ಹಿಂದಿನಿಂದ ಹೇಳಬೇಕು. ಆ ಬೀಗ ತೆಗೆಯಲು ನನಗೂ ಅಂಥ ಅವಸರವೇನೂ ಇರಲಿಲ್ಲ.

ನಾನು ಕಂಡಕ್ಟರ್ ಆಗಿದ್ದವನು. ಹುಣಸೂರಿಂದ ಎಚ್.ಡಿ. ಕೋಟೆ, ಕೋಟೆಯಿಂದ ಹುಣಸೂರು, ಇದರಲ್ಲೇ ನನ್ನ ಕೂದಲು ಬೆಳ್ಳಗಾಯಿತು. ಅವರು ಹುಣಸೂರು ಬಸ್ ಸ್ಟ್ಯಾಂಡಿನ ಕಂಟ್ರೋಲರ್. ಬರುವ ಬಸ್ಸು, ಹೋಗುವ ಬಸ್ಸು ಎಲ್ಲಕ್ಕೂ ಹೊತ್ತು ನೋಡಿ ಸಹಿ ಹಾಕುವುದು, ಮೈಕಿನಲ್ಲಿ ಊರಿನ ಹೆಸರು ಕೂಗುವುದು ಅವರ ಕೆಲಸ. ವಾಚನ್ನು ಮುಂಗೈಯ ಒಳಮಗ್ಗುಲಿಗೆ ಕಟ್ಟುತ್ತಿದ್ದರು. ಏನು ಕೇಳಿದರೂ ಮೊದಲು ಕೈ ತಿರುಗಿಸಿ ವಾಚು ನೋಡಿ, ಆಮೇಲೆ ಉತ್ತರ. “ಮಗಳು ಹುಷಾರಾಗವ್ಳಾ ಸಾ?” ಎಂದರೂ ಅಷ್ಟೇ. ವಾಚು ನೋಡಿಯೇ “ಅವ್ಳೆ” ಅನ್ನುತ್ತಿದ್ದರು.

ಅವರ ಕಿಟಕಿಗೆ ಕೊಡುವ ಹಾಳೆಯಲ್ಲಿ ಕೊನೆಗೊಂದು ಅಂಕಣ ಇತ್ತು: ತಡಕ್ಕೆ ಕಾರಣ. ಒಂದು ದಿನ ಕೋಟೆಯಿಂದ ಬರುವಾಗ ನಾನೂ ಡ್ರೈವರೂ ದಾರಿಯಲ್ಲಿ ದೋಸೆ ತಿಂದು ಹನ್ನೆರಡು ನಿಮಿಷ ತಡವಾಗಿತ್ತು. ಅಂಕಣದಲ್ಲಿ ‘ಟೈರ್ ಪಂಕ್ಚರ್’ ಎಂದು ಬರೆದೆ. ಅವರು ಕುರ್ಚಿ ಬಿಟ್ಟು ಎದ್ದು ಬಂದರು. ಬಸ್ಸಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಆರೂ ಟೈರನ್ನು ಬಗ್ಗಿ ನೋಡಿದರು. ಕೊನೆಗೆ ನನ್ನ ಅಂಗಿ ನೋಡಿದರು.

“ಏನಯ್ಯ, ಟೈರ್ ಪಂಕ್ಚರಾದ್ರೆ ಅಂಗಿ ಮ್ಯಾಲೆ ಚಟ್ನಿ ಬೀಳ್ತದಾ?”

ನಾನು ಚಟ್ನಿ ಒರೆಸಿಕೊಂಡೆ.

“ಹೊಡ್ದಾಕು. ನಿಜ ಬರಿ.”

ಹೊಡೆದು ಹಾಕಿ ‘ದೋಸೆ’ ಎಂದು ಬರೆದೆ. ಅವರು ಸಹಿ ಹಾಕಿದರು. ಅದರ ಮೇಲೆ ದೂರು ಬರೆದು ಕಳಿಸಲಿಲ್ಲ, ಬೈಯಲೂ ಇಲ್ಲ. “ತಡ ಆಗದು ಯಾರ್ಗಿಲ್ಲ ಕಣಯ್ಯ. ಕಾರಣ ಸುಳ್ಳಾಗ್ಬಾರ್ದು” ಎಂದಷ್ಟೇ ಹೇಳಿ ಹಾರನಹಳ್ಳಿ ಬಸ್ಸು ಕೂಗಲು ಹೋದರು.

ಇನ್ನೊಮ್ಮೆ ಒಬ್ಬ ಡ್ರೈವರ್, ಕಂಡಕ್ಟರ್ ಟೀ ಕುಡಿಯುತ್ತಿರುವಾಗಲೇ ಗಾಡಿ ಕದಲಿಸಿಬಿಟ್ಟ. ಇವರು ಹೋಗಿ ಬಸ್ಸಿನ ಮುಂದೆ ನಿಂತರು. ಕಂಡಕ್ಟರ್ ‘ರೈಟ್’ ಅನ್ನದೆ ಹೊರಟರೆ ಅದು ಟ್ರಿಪ್ಪಲ್ಲ, ಕಳ್ಳತನ ಎಂದು ಅವರ ವಾದ. ಕಂಡಕ್ಟರ್ ಟೀ ಮುಗಿಸಿ ಬರುವವರೆಗೂ ಅಲ್ಲಿಂದ ಕದಲಲಿಲ್ಲ. ಪ್ರಯಾಣಿಕರು ಮೊದಲು ಡ್ರೈವರನ್ನು ಬೈದರು, ಆಮೇಲೆ ಕಂಡಕ್ಟರನ್ನು, ಕೊನೆಗೆ ಇವರನ್ನು.

ಹೊಟ್ಟೆಪಾಡು ಬಸ್ಸಿನದಾದರೂ ಅವರ ಜೀವ ಇದ್ದದ್ದು ರೈಲಿನ ಮೇಲೆ. ಹುಣಸೂರು, ಪಿರಿಯಾಪಟ್ಟಣ, ಕೋಟೆ, ಕೆ.ಆರ್. ನಗರ, ನಮ್ಮ ಈ ನಾಲ್ಕು ತಾಲ್ಲೂಕಿನಲ್ಲಿ ರೈಲು ಕಾಣುವುದು ಕೆ.ಆರ್. ನಗರದಲ್ಲಿ ಮಾತ್ರ. ರಜೆ ಸಿಕ್ಕಿದ ದಿನ ಅಲ್ಲಿಗೆ ಹೋಗಿ ಪ್ಲಾಟ್‌ಫಾರಂ ಬೆಂಚಿನ ಮೇಲೆ ಬುತ್ತಿ ಬಿಚ್ಚಿಕೊಂಡು ಕೂರುತ್ತಿದ್ದರು. ಅಲ್ಲಿ ಪರಿಚಯವಾದ ಒಬ್ಬ ನಿವೃತ್ತ ಗಾರ್ಡು ಊರು ಬಿಡುವಾಗ ತಮ್ಮ ಆಟದ ರೈಲನ್ನು ಇವರಿಗೆ ಕೊಟ್ಟು ಹೋದರು. ಆಟದ್ದು ಅಂದರೆ ಜಾತ್ರೆಯಲ್ಲಿ ಸಿಗುವಂಥದ್ದಲ್ಲ. ನಿಜವಾದ ಎಂಜಿನ್ನಿನ ಎಂಬತ್ತೇಳರಲ್ಲಿ ಒಂದು ಪಾಲು, ಬೋಲ್ಟಿನ ಸಮೇತ. ಕರೆಂಟಿನಲ್ಲಿ ಓಡುವುದು.

ಅಲ್ಲಿಗೆ ಅವರ ಲೋಕ ಎಂಬತ್ತೇಳಕ್ಕೆ ಇಳಿಯಿತು. ಹೊಗೆಸೊಪ್ಪು ಬೆಳೆಯುವುದನ್ನು ಅವರ ಮನೆಯಲ್ಲಿ ಬಿಟ್ಟಿದ್ದರಿಂದ ಸೊಪ್ಪು ಬೇಯಿಸುವ ಬ್ಯಾರನ್ನು ಖಾಲಿ ಬಿದ್ದಿತ್ತು. ಕಿಟಕಿಯಿಲ್ಲದ ಎತ್ತರದ ಕೋಣೆ. ನಿವೃತ್ತರಾದ ಮೇಲೆ ಅದರೊಳಗೆ ಸೊಂಟದೆತ್ತರಕ್ಕೆ ಸುತ್ತ ಹಲಗೆ ಹಾಕಿಸಿ, ನಾಲ್ಕು ತಾಲ್ಲೂಕನ್ನೂ ಕಟ್ಟತೊಡಗಿದರು. ಲಗ್ನಪತ್ರಿಕೆಯ ರಟ್ಟಿನಿಂದ ಬಸ್ಸು, ಛತ್ರಿ ಕಡ್ಡಿಯಿಂದ ಅಚ್ಚು, ಅಂಗಿ ಗುಂಡಿಯಿಂದ ಚಕ್ರ, ಪಾತ್ರೆ ಉಜ್ಜುವ ಹಸಿರು ನಾರಿನಿಂದ ಹುಲ್ಲು. ನನ್ನ ಬಸ್ಸೂ ಇತ್ತು, ಹನ್ನೆರಡೂವರೆ ಸೆಂಟಿಮೀಟರ್ ಉದ್ದ. ಅದರ ಹಿಂದಿನ ಬಂಪರು ಸೊಟ್ಟ. “ಇದನ್ನಾದ್ರೂ ನೆಟ್ಟಗೆ ಮಾಡಬಾರ್ದಾ ಸಾ?” ಎಂದೆ. “ನಿಂದು ನೆಟ್ಟಗೈತಾ?” ಎಂದರು.

ವಾಹನ, ಮನೆ, ಮನುಷ್ಯ ಎಲ್ಲ ಎಂಬತ್ತೇಳಕ್ಕೆ ಸರಿಯಾಗಿ ಕೂತರೂ ದೂರ ಕೂರಲಿಲ್ಲ. ಆ ಲೆಕ್ಕದಲ್ಲಿ ಕೆ.ಆರ್. ನಗರ ಕಟ್ಟಬೇಕಾದರೆ ಬ್ಯಾರನ್ನಿನ ಗೋಡೆ ಒಡೆದು, ಪಕ್ಕದವರ ಶುಂಠಿ ಹೊಲ ದಾಟಿ ಇನ್ನೂ ಹೋಗಬೇಕಿತ್ತು. ವಿಧಿಯಿಲ್ಲದೆ ಊರುಗಳನ್ನು ಹತ್ತಿರ ಹತ್ತಿರ ಇಟ್ಟರು. ಅದಕ್ಕಾಗಿ ಎಷ್ಟೋ ದಿನ ಮುಖ ಗಂಟು ಹಾಕಿಕೊಂಡಿದ್ದರು. ಕೊನೆಗೆ ಬಾಗಿಲ ಮೇಲೆ ಒಂದು ತಗಡು ಹೊಡೆದು, ಬಣ್ಣದಲ್ಲಿ ‘ದೂರಗಳು ಅಳತೆಗಿಲ್ಲ’ ಎಂದು ಬರೆದ ಮೇಲೆ ಸಮಾಧಾನವಾಯಿತು.

ಇದ್ದದ್ದು ಮಾತ್ರ ಇಡಬೇಕು ಎನ್ನುವುದು ಅವರ ಕಟ್ಟುಪಾಡು. ರಸ್ತೆ ಅಗಲ ಮಾಡಲು ಮರ ಕಡಿದಾಗ ಸೈಕಲ್ಲಿನಲ್ಲಿ ಹೋಗಿ ಎಣಿಸಿ ಬಂದು, ಅಷ್ಟೇ ಮರಗಳನ್ನು ಹಲಗೆಯ ಮೇಲಿಂದಲೂ ಕಿತ್ತರು. ಹುಣಸೂರಿಗೆ ರೈಲು ಬರುತ್ತದೆ, ಅಲ್ಲಿಂದ ಬೆಟ್ಟದಪುರಕ್ಕೂ ಹೋಗುತ್ತದೆ ಎಂದು ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ಕೇಳುತ್ತಿದ್ದೇನೆ. ಅದಕ್ಕೆಂದು ಹಲಗೆಯ ಮೇಲೆ ಎರಡು ಬೆರಳಗಲ ಜಾಗ ಬಿಟ್ಟಿದ್ದರು. ಹಳಿ ಮಾತ್ರ ಇಡಲಿಲ್ಲ. “ಅಲ್ಲಿ ಬೀಳ್ಲಿ. ಅವತ್ತೇ ಇಲ್ಲೂ ಬೀಳ್ತದೆ” ಅನ್ನುತ್ತಿದ್ದರು. ಹಾಗಾಗಿ ಅವರ ರೈಲು ಕೆ.ಆರ್. ನಗರದ ಮೂಲೆಯಲ್ಲೇ ಹೋಗಿ ಬಂದು ಮಾಡುತ್ತಿತ್ತು. ಉಳಿದ ಮೂರು ತಾಲ್ಲೂಕು ಅದನ್ನು ನೋಡಿಕೊಂಡು ಸುಮ್ಮನಿದ್ದವು.

ಇನ್ನು ಪಿನ್ನು. ಮನುಷ್ಯರನ್ನು ಮಾಡುತ್ತಿದ್ದದ್ದು ಗುಂಡುಪಿನ್ನಿನಿಂದ. ಪಿನ್ನಿನ ತಲೆಯೇ ಮನುಷ್ಯನ ತಲೆ. ಮೈಗೆ, ನೀರಿನ ಪೈಪು ಸೋರಿದರೆ ಮೆತ್ತುವ ಅಂಟು. ಆಮೇಲೆ ಬಣ್ಣ. ಬಸ್ ಸ್ಟ್ಯಾಂಡಿನ ಹೂವಿನವರು, ಡ್ರೈವರುಗಳು, ಪಿರಿಯಾಪಟ್ಟಣದ ಸಂತೆಗೆ ಹೋಗುವವರು, ಎಲ್ಲರೂ ಇದ್ದರು. ಸ್ಟ್ಯಾಂಡಿನ ಕಿಟಕಿಯಲ್ಲಿ ಸ್ವತಃ ಅವರೂ ಇದ್ದರು. ನಾನು ಹತ್ತೊಂಬತ್ತೂವರೆ ಮಿಲಿಮೀಟರ್. ಜನ ತಮ್ಮ ಪಿನ್ನು ನೋಡಲು ನೆಂಟರನ್ನು ಕರೆತರುತ್ತಿದ್ದರು. ಹೊಗೆಸೊಪ್ಪಿನ ಘಾಟಿಗೆ ಸೀನುತ್ತಾ ನಿಂತು, ಹೊಟ್ಟೆ ದಪ್ಪ ಮಾಡಿದ್ದೀರಿ ಎಂದು ತಕರಾರು ತೆಗೆಯುತ್ತಿದ್ದರು. ಯಾರಾದರೂ ಸತ್ತರೆ ಪಿನ್ನು ಕಿತ್ತು ಒಂದು ಹಳೆಯ ಟಿಕೆಟ್ ಪೆಟ್ಟಿಗೆಯಲ್ಲಿ ಇಡುವರು. ಹುಣಸೂರಿನವರಿಗೆ ಒಂದು ಖಾನೆ, ಪಿರಿಯಾಪಟ್ಟಣದವರಿಗೆ ಒಂದು, ಕೋಟೆಯವರಿಗೆ ಒಂದು, ಕೆ.ಆರ್. ನಗರದವರಿಗೆ ಒಂದು.

ಇದರಲ್ಲಿ ಒಮ್ಮೆ ಎಡವಟ್ಟಾಯಿತು. ಸ್ಟ್ಯಾಂಡಿನ ಮುಂದೆ ಎಳನೀರು ಮಾರುವ ತಾತ ಹೋಗಿಬಿಟ್ಟ ಎಂದು ಯಾರೋ ಹೇಳಿದರು. ಇವರು ಅವತ್ತೇ ಪಿನ್ನು ಕಿತ್ತರು. ಸತ್ತವನು ತಾತನ ಅಣ್ಣ. ನಾಲ್ಕನೇ ದಿನ ತಾತ ಮಚ್ಚು ಕಂಕುಳಲ್ಲಿ ಇಟ್ಟುಕೊಂಡು, ಯಾರಿಗೋ ತೋರಿಸಲೆಂದು ಬ್ಯಾರನ್ನಿಗೆ ಬಂದ. ತನ್ನ ಜಾಗದಲ್ಲಿ ಒಂದು ತೂತು ಮಾತ್ರ ಇತ್ತು.

“ನಾನೆಲ್ಲಪ್ಪ?” ಎಂದ ತಾತ.

ಇವರು ವಾಚು ನೋಡಿಕೊಂಡು, “ತಪ್ಪಾಯ್ತು” ಎಂದರು. ಪೆಟ್ಟಿಗೆಯಿಂದ ಪಿನ್ನು ತೆಗೆದು ಚುಚ್ಚಲು ಹೋದರೆ ತಾತ ಬಿಡಲಿಲ್ಲ. ಸತ್ತವರ ಜೊತೆ ಮಲಗಿದ ಪಿನ್ನು ಬೇಡ, ಹೊಸದಾಗಬೇಕು, ಅದೂ ಈಗಲೇ ಎಂದು ಕೂತ. ಅಂಟು ಒಣಗುವವರೆಗೂ ಮಚ್ಚು ತೊಡೆಯ ಮೇಲೇ ಇತ್ತು. ಆಮೇಲೂ ತಿಂಗಳಿಗೊಮ್ಮೆ ಬಂದು ತಾನಿರುವುದನ್ನು ಖಾತ್ರಿ ಮಾಡಿಕೊಂಡು ಹೋಗುತ್ತಿದ್ದ. ಅಂದಿನಿಂದ ಹೊಸ ನಿಯಮ ಬಂತು: ತಿಥಿ ಊಟ ಉಂಡ ಮೇಲೇ ಪಿನ್ನು ಕೀಳಬೇಕು. ಹಾಗೆಂದೇ ಗುರುತು ಪರಿಚಯ ಅಷ್ಟಕ್ಕಷ್ಟೇ ಇರುವವರ ತಿಥಿಗೂ ಹೋಗುತ್ತಿದ್ದರು. ಊಟದ ಆಸೆಗೆ ಬರುತ್ತಾರೆ ಎಂದು ಆಡಿಕೊಂಡವರೂ ಉಂಟು. ಅವರು ತಲೆ ಕೆಡಿಸಿಕೊಳ್ಳಲಿಲ್ಲ.

ಈಗ ಅಕ್ಕನ ವಿಷಯ ಹೇಳಬೇಕು. ಅಕ್ಕ ಅಂದರೆ ಅವರ ಹೆಂಡತಿ. ನನ್ನನ್ನು ತಮ್ಮಯ್ಯ ಅಂತಲೇ ಕರೆಯುತ್ತಿದ್ದರು, ಮಗಳಿಗೆ ನಾನು ಮಾವ ಆದದ್ದು ಹಾಗೆ. ಸ್ಟ್ಯಾಂಡಿನ ಅಷ್ಟೂ ಬಸ್ಸಿಗೆ ಸಹಿ ಹಾಕುವವರ ಹೆಂಡತಿಗೆ ಬಸ್ಸೇ ಒಗ್ಗುತ್ತಿರಲಿಲ್ಲ. ಹತ್ತಿದರೆ ವಾಂತಿ. ಕೈಯಲ್ಲಿ ನಿಂಬೆಹಣ್ಣು, ಮಡಿಲಲ್ಲಿ ಕವರು. ತವರು ಬೆಟ್ಟದಪುರ, ಗಂಟೆಯ ದಾರಿ. ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ಹೋಗುವುದೂ ಒಂದು ಶಿಕ್ಷೆ. ತಾಯಿಗೆ ಹೆಚ್ಚುಕಮ್ಮಿ ಎಂದು ಸುದ್ದಿ ಬಂದ ದಿನ ಅರ್ಧ ದಾರಿಯಲ್ಲಿ ತಡೆಯಲಾರದೆ ಇಳಿದು, ರಸ್ತೆ ಬದಿ ಕೂತು, ಮುಂದಿನ ಬಸ್ಸು ಹಿಡಿದು ಹೋಗುವ ಹೊತ್ತಿಗೆ ತಾಯಿ ಕಣ್ಣು ಮುಚ್ಚಿದ್ದರು.

ಒಂದೇ ಒಂದು ಸಲ ಸಾಹೇಬರು ಅವರನ್ನು ಕೆ.ಆರ್. ನಗರದಿಂದ ಮೈಸೂರಿಗೆ ರೈಲಿನಲ್ಲಿ ಕರೆದುಕೊಂಡು ಹೋಗಿದ್ದರು. ನಿಂಬೆಹಣ್ಣನ್ನು ಅಕ್ಕ ಮೂಸಲೇ ಇಲ್ಲವಂತೆ. ಕಿಟಕಿ ಪಕ್ಕ ಕೂತು ಎರಡು ಪೊಟ್ಟಣ ಕಡಲೆಕಾಯಿ ತಿಂದು, ಮೈಸೂರು ಬಂತು ಎಂದರೆ ಇಷ್ಟು ಬೇಗ ಯಾಕೆ ಬಂತು ಎಂದರಂತೆ. “ಇದು ನಮ್ಮೂರ್ ಗಂಟ ಬಂದಿದ್ರೆ ಅವ್ವನ ಮೊಕ ನೋಡ್ತಿದ್ದೆ ತಮ್ಮಯ್ಯ” ಎಂದು ನನ್ನ ಹತ್ತಿರ ಹೇಳಿದ್ದರು.

ಒಂದು ಮಧ್ಯಾಹ್ನ ನಾನು ಬ್ಯಾರನ್ನಿನಲ್ಲಿದ್ದಾಗಲೇ ಅಕ್ಕ ಟೀ ತಂದು ಇಟ್ಟು, ಹಲಗೆ ನೋಡುತ್ತಾ ನಿಂತರು.

“ಇದ್ನ ಒಂದ್ಸಲ ಬೆಟ್ಟದ್‌ಪುರಕ್ಕೆ ಬುಡ್ರಿ. ನಾನೇನ್ ಅದ್ರಲ್ಲಿ ಕೂರಕ್ಕಾಯ್ತದಾ? ನೋಡ್ತೀನಿ ಅಷ್ಟೆಯ.”

“ಇಲ್ದಿರೋ ಲೈನಲ್ಲಿ ಗಾಡಿ ಬುಡಕಾಗಕಿಲ್ಲ.”

“ಸರ್ಕಾರ್ದೋರು ದುಡ್ಡಿಲ್ಲ ಅಂತಾರೆ. ನಿಮ್ಗೇನಿಲ್ಲ?”

ಸಾಹೇಬರು ವಾಚು ನೋಡಿಕೊಂಡರು. ಅಕ್ಕ ಲೋಟ ತೆಗೆದುಕೊಂಡು ಹೋದರು. ಗಾರ್ಡು ಕೊಟ್ಟ ಹಳಿ ಮೂಟೆಗಟ್ಟಲೆ ಬಿದ್ದಿತ್ತು, ಜಾಗ ಮೊದಲೇ ಬಿಟ್ಟಿತ್ತು, ಒಂದು ದಿನದ ಕೆಲಸ. ನನಗೆ ಅವತ್ತು ಅವರ ಮೇಲೆ ಕೆಟ್ಟ ಕೋಪ ಬಂತು. ಹಿರಿಯರು ಎಂದು ನುಂಗಿಕೊಂಡೆ. ಅಕ್ಕ ಆಮೇಲೆಯೂ ಎಷ್ಟೋ ಸಲ ಕೇಳಿದರು. ಇವರು ಪ್ರತಿ ಸಲವೂ ಅದನ್ನೇ ಹೇಳಿದರು.

ಹೋದ ವರ್ಷ ದೀಪಾವಳಿ ಕಳೆದು ಅಕ್ಕ ತೀರಿಕೊಂಡರು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಮೈಸೂರಿಗೆ ಕರೆದೊಯ್ಯಲು ಆಂಬುಲೆನ್ಸ್ ಹತ್ತಿಸುವಾಗಲೂ ನಿಂಬೆಹಣ್ಣು ಕೇಳಿದರು. ನಾನೇ ಓಡಿಹೋಗಿ ತಂದು ಕೈಗೆ ಕೊಟ್ಟೆ.

ಹಲಗೆಯ ಮೇಲೆ ಅಕ್ಕನ ಪಿನ್ನು ಅವರ ಮನೆಯ ಮುಂದೆ ಇತ್ತು. ಹಸಿರು ಸೀರೆ, ಕೈಯಲ್ಲಿ ಹಳದಿ ಚುಕ್ಕೆ. ಆ ಚುಕ್ಕೆ ನಿಂಬೆಹಣ್ಣು. ಅದಕ್ಕಾಗಿ ಅಕ್ಕ ಎರಡು ದಿನ ಮಾತು ಬಿಟ್ಟಿದ್ದರು. ಇವರು ಈ ಒಂದು ಪಿನ್ನನ್ನು ಕೀಳಲಾರರು ಎಂದು ನಾನು ತಿಳಿದಿದ್ದೆ. ತಿಥಿಯ ಮಾರನೇ ದಿನ ಹೋಗಿ ನೋಡಿದರೆ ಮನೆಯ ಮುಂದೆ ತೂತು.

“ಕಿತ್ಬುಟ್ರಾ ಸಾ?” ಎಂದೆ.

“ತಿಥಿ ಆಯ್ತಲ್ಲಯ್ಯ” ಎಂದರು.

ಇಂಥ ಕಲ್ಲುಮನಸ್ಸಿನವರ ಸಹವಾಸ ಸಾಕು ಎನ್ನಿಸಿತು. ಅದನ್ನು ಅವರ ಮುಖಕ್ಕೆ ಹೇಳುವ ಎದೆ ಇರಲಿಲ್ಲ. ಹೋಗುವುದನ್ನು ನಿಲ್ಲಿಸಿದೆ. ಸಂತೆಯಲ್ಲಿ ಸಿಕ್ಕರೆ ನಮಸ್ಕಾರ, ಅಷ್ಟೇ. ಅವರ ಕೈ ನಡುಗುವುದಕ್ಕೆ ಶುರುವಾಗಿದೆ, ಟೀ ಲೋಟ ಹಿಡಿಯಲು ಕಷ್ಟ ಎಂದು ಮಗಳು ಹೇಳಿದಳು. ವಯಸ್ಸಾಯಿತಲ್ಲ ಎಂದೆ.

ಈ ವರ್ಷ ಗೌರಿ ಹಬ್ಬಕ್ಕೆ ಎರಡು ದಿನ ಇರುವಾಗ ಫೋನು ಮಾಡಿದರು.

“ಏನಯ್ಯ ಕಂಡಕ್ಟ್ರೇ, ಹಬ್ಬದ್ ದಿನ ಬೆಳಿಗ್ಗೆ ಎಂಟು ಹತ್ತುಕ್ಕೆ ಒಂದ್ ಸ್ಪೆಷಲ್ ಐತೆ. ಕಂಡಕ್ಟ್ರು ಬೇಕು. ಬತ್ತೀಯಾ?”

ಆಟಿಕೆಯ ಮಾತು ಎಂದುಕೊಂಡೆ. “ಬತ್ತೀನಿ ಸಾ” ಎಂದೆ. ಹೋಗಲಿಲ್ಲ. ಅವರು ಮತ್ತೆ ಫೋನು ಮಾಡಲಿಲ್ಲ. ಒಮ್ಮೆ ಕೂಗಿದ ಬಸ್ಸನ್ನು ಎರಡನೇ ಸಲ ಕೂಗುವ ಪೈಕಿಯವರಲ್ಲ ಅವರು.

ಹಬ್ಬವಾಗಿ ಐದನೇ ದಿನ ಎದೆನೋವು ಎಂದು ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದೆ. ವಾಚಿಲ್ಲದ ಕೈಯನ್ನು ತಿರುಗಿಸಿ ನೋಡಿಕೊಂಡು “ತಡ ಆಯ್ತಲ್ಲಯ್ಯ” ಎಂದರು. “ಬಸ್ಸು ಸಿಗ್ನಿಲ್ಲ ಸಾ” ಎಂದೆ. ಅವರು ನನ್ನ ಅಂಗಿಯನ್ನು ಒಮ್ಮೆ ನೋಡಿ ಕಣ್ಣು ಮುಚ್ಚಿಕೊಂಡರು. ಮೂರನೇ ದಿನ ಹೋಗಿಬಿಟ್ಟರು.

ಹೀಗೆ, ಸೋಮವಾರ ಮಧ್ಯಾಹ್ನ ಬೀಗದ ಕೈ ಹಿಡಿದು ಬ್ಯಾರನ್ನಿನ ಮುಂದೆ ನಿಂತೆ. ಬಾಗಿಲ ಮೇಲಿನ ತಗಡಿನಲ್ಲಿ ‘ದೂರಗಳು ಅಳತೆಗಿಲ್ಲ’ ಎಂಬುದರ ಕೆಳಗೆ ಹೊಸದೊಂದು ಸಾಲು ಇತ್ತು. ಅಕ್ಷರ ಸೊಟ್ಟಪಟ್ಟ, ಬಣ್ಣ ಸೋರಿತ್ತು. ‘ಬೆಟ್ಟದಪುರದ ಲೈನು ನಿಜವಾಗಿ ಇಲ್ಲ.’

ಒಳಗೆ ದೀಪ ಹಾಕಿದೆ. ಎರಡು ಬೆರಳಗಲ ಬಿಟ್ಟಿದ್ದ ಜಾಗದಲ್ಲಿ ಹಳಿ ಬಿದ್ದಿತ್ತು. ಹುಣಸೂರಿಂದ ಹೊರಟು, ಅವರ ಮನೆಯ ಹಿಂದಿನಿಂದ ಹಾದು, ಬೆಟ್ಟದ ಬುಡದವರೆಗೆ. ಆ ಮನುಷ್ಯ ಜೀವಮಾನದಲ್ಲಿ ಸೊಟ್ಟ ಗೆರೆ ಎಳೆದವರಲ್ಲ. ಈ ಹಳಿ ಅಲ್ಲಲ್ಲಿ ಸೊಟ್ಟಗಿತ್ತು, ಒಂದೊಂದು ಕೀಲಿನಲ್ಲೂ ಅಂಟು ಮೆತ್ತಿಕೊಂಡು ಬೆರಳ ಗುರುತು ಬಿದ್ದಿತ್ತು. ನಡುಗುವ ಕೈಯಲ್ಲಿ ಒಬ್ಬರೇ ಹಾಕಿದ್ದಾರೆ. ನಾನಿದ್ದಿದ್ದರೆ ಹಿಡಿದುಕೊಳ್ಳುತ್ತಿದ್ದೆ.

ಮೊದಲು ಬಂದ ಕೆಲಸ ನೋಡೋಣ ಎಂದು ಬಸ್ ಸ್ಟ್ಯಾಂಡಿನ ಕಿಟಕಿಗೆ ಬಗ್ಗಿದೆ. ಅವರ ಪಿನ್ನು ಇರಲಿಲ್ಲ. ತೂತು ಇತ್ತು. ಟಿಕೆಟ್ ಪೆಟ್ಟಿಗೆ ತೆಗೆದು ಹುಣಸೂರಿನ ಖಾನೆ ಹುಡುಕಿದೆ. ಎಳನೀರು ತಾತ ಸಿಕ್ಕ, ಎರಡೆರಡು ಸಲ. ಸಾಹೇಬರು ಇರಲಿಲ್ಲ. ಅಕ್ಕನೂ ಇರಲಿಲ್ಲ.

ಹುಣಸೂರಿನ ಹೊಸ ಪ್ಲಾಟ್‌ಫಾರಮ್ಮಿನಲ್ಲಿ ಎಂಜಿನ್ನು, ಹಿಂದೆ ಒಂದೇ ಒಂದು ಬೋಗಿ ನಿಂತಿತ್ತು. ಬಗ್ಗಿ ಕಿಟಕಿಯಲ್ಲಿ ನೋಡಿದೆ. ಕಿಟಕಿ ಪಕ್ಕ ಹಸಿರು ಸೀರೆ. ಕೈಯ ಮೇಲಿನ ಹಳದಿ ಚುಕ್ಕೆಯನ್ನು ಕೆರೆದು ತೆಗೆದಿದ್ದರು. ಪಕ್ಕದಲ್ಲಿ ಬಿಳಿ ಅಂಗಿ, ಮುಂಗೈಯ ಒಳಮಗ್ಗುಲಿಗೆ ಒಂದು ಕಪ್ಪು ಚುಕ್ಕೆ. ನಾನು ಸ್ವಲ್ಪ ಹೊತ್ತು ಸ್ಟೂಲಿನ ಮೇಲೆ ಕೂತು ಅತ್ತೆ. ಹೊಗೆಸೊಪ್ಪಿನ ಘಾಟು ಎನ್ನಬಹುದಿತ್ತು, ಆದರೆ ಅದಲ್ಲ.

ಸ್ವಿಚ್ಚಿನ ಪಕ್ಕದಲ್ಲಿ ಅವರೇ ಗೆರೆ ಹೊಡೆದ ಹಾಳೆ ಇತ್ತು. ‘ಸ್ಪೆಷಲ್. ಹುಣಸೂರು–ಬೆಟ್ಟದಪುರ. ಗೌರಿ ಹಬ್ಬ. ಹೊರಡುವ ವೇಳೆ 8-10. ಪ್ರಯಾಣಿಕರು 2.’ ಕಂಡಕ್ಟರ್ ಎಂಬಲ್ಲಿ ನನ್ನ ಹೆಸರು. ಮುಂದಿನ ಅಂಕಣಗಳು ಖಾಲಿ. ಎಂಟು ಹತ್ತಕ್ಕೆ ಗಾಡಿ ತಯಾರು ಮಾಡಿಕೊಂಡು ಕೂತಿದ್ದಾರೆ. ಕಂಡಕ್ಟರ್ ಇಲ್ಲದೆ ಹೊರಡಿಸಿಲ್ಲ.

“ರೈಟ್” ಎಂದೆ. ಗುಂಡಿ ತಿರುಗಿಸಿದೆ.

ಗಾಡಿ ಕದಲಿತು. ಸೊಟ್ಟ ಹಳಿಯ ಮೇಲೆ ಒಂದೆರಡು ಕಡೆ ಓಲಾಡಿತು, ಬೀಳಲಿಲ್ಲ. ಬೆಟ್ಟದಪುರದಲ್ಲಿ ನಿಲ್ಲಿಸಿದೆ. ಅಷ್ಟರಲ್ಲಿ ಮಗಳು ಹೊರಗಿನಿಂದ “ಕಿತ್ರಾ ಮಾವ?” ಎಂದು ಕೇಳಿದಳು.

“ಸ್ಟ್ಯಾಂಡಲ್ಲಿ ಇಲ್ಲ ಕಣವ್ವ. ಬಾ ಒಳಗೆ, ತೋರುಸ್ತೀನಿ” ಎಂದೆ.

ಅವಳು ಚಪ್ಪಲಿ ಬಿಟ್ಟು ಬರುವಷ್ಟರಲ್ಲಿ ವಾಚು ನೋಡಿ ಹಾಳೆ ತುಂಬಿದೆ. ಹೊರಟದ್ದು ಮಧ್ಯಾಹ್ನ 3-18. ತಲುಪಿದ್ದು 3-19. ತಡಕ್ಕೆ ಕಾರಣ ಎಂಬಲ್ಲಿ ‘ಹಬ್ಬದ ಕೆಲಸ’ ಎಂದು ಬರೆದೆ. ಅದನ್ನು ಹೊಡೆದು ಹಾಕಿ, ‘ಕಂಡಕ್ಟರನ ಸಿಟ್ಟು’ ಎಂದು ಬರೆದು ಸಹಿ ಹಾಕಿದೆ.